ಮಾದಕ ಜಾಲವು ಊರನ್ನೂ ಆಡಳಿತವನ್ನೂ ಹಿಡಿಯುವ ಬಗೆ: ವಿಶಾಖಪಟ್ಟಣ, ವಿಜಯವಾಡಗಳ ಅನುಭವ

ಮಾದಕ ದ್ರವ್ಯಗಳ ಕಳ್ಳಸಾಗಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಂದೂಕು ಹಿಡಿದ ದೂರದೇಶದ ದೊರೆಗಳ ಚಿತ್ರ. ಚಲನಚಿತ್ರಗಳು ಆ ಚಿತ್ರವನ್ನೇ ಮನಸ್ಸಿನಲ್ಲಿ ನಿಲ್ಲಿಸಿವೆ. ಆದರೆ ಇಂತಹ ಜಾಲವು ಒಂದು ಊರಿನ ಮೇಲೆ ಅಥವಾ ಒಂದು ಆಡಳಿತದ ಮೇಲೆ ಹಿಡಿತ ಸಾಧಿಸುವ ಕಾರ್ಯವು ಸಾಮಾನ್ಯವಾಗಿ ಬಂದೂಕಿನಿಂದ ಆರಂಭವಾಗುವುದಿಲ್ಲ. ಕಷ್ಟಕಾಲದಲ್ಲಿ ಕೊಟ್ಟ ಮುಂಗಡ ಹಣದಿಂದ, ಬೆಳೆಗೆ ದೊರೆತ ಖಚಿತ ಬೆಲೆಯಿಂದ, ಯಾರದೋ ಹೆಸರಿನಲ್ಲಿ ಪಡೆದ ಒಂದು ನೋಂದಣಿ ಪತ್ರದಿಂದ ಅದು ಆರಂಭವಾಗುತ್ತದೆ. ಆಂಧ್ರಪ್ರದೇಶದ ವಿಶಾಖಪಟ್ಟಣ ಮತ್ತು ವಿಜಯವಾಡಗಳ ಇತ್ತೀಚಿನ ಅನುಭವವು ಈ ಮಾತಿಗೆ ಸಾಕ್ಷಿಯಾಗಿದೆ. ಆ ಕ್ರಮವನ್ನು ಹಂತ ಹಂತವಾಗಿ ಪರಿಚಯಿಸುವುದು, ನಮ್ಮಂತಹ ಸಂಸಾರಸ್ಥರಿಗೆ ಅದರಿಂದ ತಿಳಿಯಬೇಕಾದುದೇನು ಎಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾರ್ಟೆಲ್ ಎಂದರೇನು?

ಪೈಪೋಟಿಯಿಲ್ಲದೆ ಬೆಲೆಯನ್ನೂ ಸರಬರಾಜನ್ನೂ ತಮ್ಮ ಹಿಡಿತದಲ್ಲಿಟ್ಟುಕೊಳ್ಳಲು ವ್ಯಾಪಾರಿಗಳು ಮಾಡಿಕೊಳ್ಳುವ ಒಕ್ಕೂಟಕ್ಕೆ ಅರ್ಥಶಾಸ್ತ್ರದಲ್ಲಿ ಕಾರ್ಟೆಲ್ ಎನ್ನುತ್ತಾರೆ. ಮಾದಕ ದ್ರವ್ಯಗಳ ವಿಷಯದಲ್ಲಿ ಈ ಪದವು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಿಂದ ಪ್ರಸಿದ್ಧವಾಯಿತು. ಅಲ್ಲಿನ ಮೆಡೆಲಿನ್ ನಗರದ ಪಾಬ್ಲೊ ಎಸ್ಕೊಬಾರ್ ಬಡವರಿಗೆ ಮನೆಗಳನ್ನೂ ಆಟದ ಮೈದಾನಗಳನ್ನೂ ಕಟ್ಟಿಸಿಕೊಟ್ಟನು. 1982ರಲ್ಲಿ ಆ ದೇಶದ ಸಂಸತ್ತಿಗೆ ಬದಲಿ ಸದಸ್ಯನಾಗಿಯೂ ಆರಿಸಿಬಂದನು. ಅವನನ್ನು ಎದುರಿಸಿದ ಕಾನೂನು ಮಂತ್ರಿ ರೊಡ್ರಿಗೊ ಲಾರಾ ಬೊನಿಯಾ 1984ರ ಏಪ್ರಿಲ್ 30ರಂದು ಕೊಲೆಯಾದರು. ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಲೂಯಿಸ್ ಕಾರ್ಲೋಸ್ ಗಲಾನ್ 1989ರ ಆಗಸ್ಟ್ 18ರಂದು ಹತರಾದರು. "ಬೆಳ್ಳಿಯೋ, ಸೀಸವೋ" ಎಂಬುದು ಆ ಕಾಲದಲ್ಲಿ ಅಧಿಕಾರಿಗಳ ಮುಂದಿಡುತ್ತಿದ್ದ ಪ್ರಶ್ನೆ. ಬೆಳ್ಳಿ ಎಂದರೆ ಲಂಚ, ಸೀಸ ಎಂದರೆ ಗುಂಡು. ಇಲ್ಲಿ ಗಮನಿಸಬೇಕಾದುದು ಘಟನೆಗಳ ಅನುಕ್ರಮವನ್ನು. ಮೊದಲು ಬಂದದ್ದು ಮನೆ, ಮೈದಾನ, ಆಮೇಲೆ ಮತ, ಸೀಸ ಬಂದದ್ದು ಕೊನೆಯಲ್ಲಿ.

ಆಂಧ್ರದಲ್ಲಿ ಮೆಡೆಲಿನ್‌ನಂತಹ ಒಬ್ಬನೇ ದೊರೆಯ ಸಂಘಟನೆ ಕಂಡುಬಂದಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಇಲ್ಲಿರುವುದು ಒಂದು ಸರಪಳಿ: ಬೆಟ್ಟದ ಬೆಳೆಗಾರ, ಊರಿನ ದಲ್ಲಾಳಿ, ಹೊರರಾಜ್ಯದ ವ್ಯಾಪಾರಿ, ವಾಹನ ಚಾಲಕ, ನಗರದ ಚಿಲ್ಲರೆ ಮಾರಾಟಗಾರ. ಒಂದು ಕೊಂಡಿಗೆ ಇನ್ನೊಂದು ಕೊಂಡಿಯ ಪೂರ್ಣ ಪರಿಚಯವಿರುವುದಿಲ್ಲ. ಆದರೂ ಹಿಡಿತ ಸಾಧಿಸುವ ಕ್ರಮದಲ್ಲಿ ಕೊಲಂಬಿಯಾದ ಮೊದಲ ಹಂತಕ್ಕೂ ಇಲ್ಲಿನದಕ್ಕೂ ಹೋಲಿಕೆ ಇದೆ.

ವಿಶಾಖ ಏಜೆನ್ಸಿ: ಸರ್ಕಾರ ತಡವಾಗಿ ತಲುಪಿದ ನಾಡು

ವಿಶಾಖಪಟ್ಟಣದಿಂದ ಪಶ್ಚಿಮಕ್ಕೆ ಪೂರ್ವಘಟ್ಟಗಳ ಮೇಲಿರುವ ಪಾಡೇರು, ಅರಕು, ಚಿಂತಪಲ್ಲಿ, ಗೂಡೆಂ ಕೊತ್ತವೀಧಿ ಮುಂತಾದ ಪ್ರದೇಶಗಳಿಗೆ ಬ್ರಿಟಿಷರ ಕಾಲದಿಂದಲೂ "ಏಜೆನ್ಸಿ" ಎಂಬ ಹೆಸರಿದೆ. ಬಗತ, ಕೊಂಡದೊರ, ಖೋಂಡ್, ಪೋರಜ ಮುಂತಾದ ಬುಡಕಟ್ಟುಗಳ ಜನ ಇಲ್ಲಿನ ನಿವಾಸಿಗಳು. 1922ರಿಂದ 1924ರವರೆಗೆ ಅಲ್ಲೂರಿ ಸೀತಾರಾಮರಾಜು ಅವರು ಬ್ರಿಟಿಷರ ವಿರುದ್ಧ ದಂಗೆ ನಡೆಸಿದ್ದು ಈ ಕಾಡುಗಳಲ್ಲಿಯೇ. ಚಿಂತಪಲ್ಲಿಯ ಪೊಲೀಸ್ ಠಾಣೆಯಿಂದ ಅವರು ಬಂದೂಕುಗಳನ್ನು ವಶಪಡಿಸಿಕೊಂಡದ್ದು 1922ರ ಆಗಸ್ಟ್ ತಿಂಗಳಲ್ಲಿ. 2022ರ ಏಪ್ರಿಲ್ 4ರಂದು ರಚನೆಯಾದ ಹೊಸ ಜಿಲ್ಲೆಗೆ ಅವರ ಹೆಸರನ್ನೇ ಇಡಲಾಗಿದೆ; ಪಾಡೇರು ಅದರ ಕೇಂದ್ರ.

ಸಂವಿಧಾನದ ಐದನೆಯ ಅನುಸೂಚಿಯ ರಕ್ಷಣೆ ಈ ಪ್ರದೇಶಕ್ಕಿದೆ. ಗಿರಿಜನರ ಭೂಮಿ ಹೊರಗಿನವರ ಪಾಲಾಗದಂತೆ 1970ರ ತಿದ್ದುಪಡಿಯಿಂದ ಬಲಗೊಂಡ ಕಾನೂನೂ ಇದೆ. ಆದರೆ ಕಾಗದದ ಮೇಲಿನ ರಕ್ಷಣೆಯೊಡನೆ ರಸ್ತೆ, ಬ್ಯಾಂಕು, ಆಸ್ಪತ್ರೆ, ನ್ಯಾಯವಾದ ಬೆಲೆ ಇವೆಲ್ಲವೂ ಅದೇ ವೇಗದಲ್ಲಿ ಬೆಟ್ಟ ಹತ್ತಲಿಲ್ಲ. ಗಡಿಯಾಚೆಯ ಒಡಿಶಾದಲ್ಲಿ ಪರಿಸ್ಥಿತಿ ಇನ್ನೂ ಕಠಿಣವಾಗಿತ್ತು. ಬಲಿಮೇಲ ಜಲಾಶಯದ ನೀರಿನಿಂದ ಹೊರಜಗತ್ತಿನ ಸಂಪರ್ಕ ಕಳೆದುಕೊಂಡಿದ್ದ ಮಲ್ಕಾನ್‌ಗಿರಿ ಜಿಲ್ಲೆಯ ನೂರೈವತ್ತರಷ್ಟು ಹಳ್ಳಿಗಳಿಗೆ 910 ಮೀಟರ್ ಉದ್ದದ ಗುರುಪ್ರಿಯಾ ಸೇತುವೆ ದೊರೆತದ್ದು 2018ರ ಜುಲೈ 26ರಂದು. ದಶಕಗಳ ಕಾಲ ದೋಣಿಯೇ ಅವರ ಹೆದ್ದಾರಿಯಾಗಿತ್ತು. ಸರ್ಕಾರ ಹೋಗದ ಕಡೆಗೆ ವ್ಯಾಪಾರಿ ಹೋಗುತ್ತಾನೆ. ಹೋದವನು ಯಾವ ಸರಕಿನ ವ್ಯಾಪಾರಿ ಎಂಬುದೇ ಊರಿನ ಭವಿಷ್ಯವನ್ನು ನಿರ್ಧರಿಸುತ್ತದೆ.

ಮೊದಲ ಹಂತ: ಮುಂಗಡವೆಂಬ ಹಗ್ಗ

ಏಜೆನ್ಸಿಯಲ್ಲಿ ಬೆಳೆಯುತ್ತಿದ್ದ ಗಾಂಜಾಕ್ಕೆ ಶೀಲಾವತಿ ಎಂಬ ತಳಿಯ ಹೆಸರು ಪ್ರಸಿದ್ಧವಾಗಿದೆ. ಮಳೆಗಾಲದಲ್ಲಿ ಬಿತ್ತಿದರೆ ಚಳಿಗಾಲಕ್ಕೆ ಕೊಯ್ಲು ಬರುತ್ತದೆ. ಅಂದರೆ ಅರ್ಧ ವರ್ಷದಲ್ಲಿ ಹಣ. ಅದೇ ಬೆಟ್ಟದಲ್ಲಿ ಕಾಫಿ ಗಿಡ ನೆಟ್ಟರೆ ಫಸಲು ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು. ಈ ಮೂರು ನಾಲ್ಕು ವರ್ಷಗಳ ಅಂತರದಲ್ಲಿಯೇ ಜಾಲವು ಕಾಲಿಡುತ್ತದೆ.

ಪೊಲೀಸ್ ತನಿಖೆಗಳಲ್ಲಿ ಮತ್ತೆ ಮತ್ತೆ ಕಂಡುಬಂದ ವ್ಯವಸ್ಥೆ ಹೀಗಿದೆ: ಹೊರರಾಜ್ಯದ ವ್ಯಾಪಾರಿ ಸ್ಥಳೀಯ ದಲ್ಲಾಳಿಯ ಮೂಲಕ ಬೀಜವನ್ನೂ ಮುಂಗಡ ಹಣವನ್ನೂ ಕೊಡುತ್ತಾನೆ. ಕೊಯ್ಲಿನ ಕಾಲಕ್ಕೆ ಅವನೇ ಬಂದು ಸರಕನ್ನು ಒಯ್ಯುತ್ತಾನೆ. ಬೆಳೆಗಾರನು ಸಂತೆಗೆ ಹೋಗಬೇಕಾಗಿಲ್ಲ, ದರಕ್ಕಾಗಿ ಕಾಯಬೇಕಾಗಿಲ್ಲ. ಮೇಲ್ನೋಟಕ್ಕೆ ಇದು ಉಪಕಾರದಂತೆಯೇ ಕಾಣುತ್ತದೆ. ಆದರೆ ಮುಂಗಡ ಪಡೆದವನು ಮುಂದಿನ ವರ್ಷ ಬೇರೆ ಬೆಳೆ ಬೆಳೆಯುತ್ತೇನೆಂದು ಹೇಳಲಾರನು. ಬೆಳೆ ನಾಶವಾದರೆ ಹೊಲ ಅವನದು, ಅಪರಾಧ ಅವನದು, ಸಾಲವೂ ಅವನದು. ಲಾಭದ ದೊಡ್ಡ ಪಾಲು ಬೆಟ್ಟವಿಳಿದ ಮೇಲೆ ಹುಟ್ಟುತ್ತದೆ. ಅದರಲ್ಲಿ ಅವನಿಗೆ ಭಾಗವಿಲ್ಲ. ಸಾಲವೇ ಶೂಲ ಎಂದು ನಮ್ಮ ಹಿರಿಯರು ಹೇಳಿದ್ದು ಇಂತಹ ಸಾಲಕ್ಕೆ ಇನ್ನೂ ಹೆಚ್ಚಾಗಿ ಒಪ್ಪುತ್ತದೆ, ಏಕೆಂದರೆ ಈ ಸಾಲದ ಬಗ್ಗೆ ಯಾವ ನ್ಯಾಯಾಲಯದಲ್ಲಿಯೂ ದೂರು ಕೊಡಲಾಗದು.

ಎರಡನೆಯ ಹಂತ: ಊರಿನ ಮೌನ

ಒಂದು ಮನೆ ಋಣದಲ್ಲಿದ್ದರೆ ಅದು ಆ ಮನೆಯ ಕಷ್ಟ. ಊರಿನ ಹಲವು ಮನೆಗಳು ಒಂದೇ ಕೈಗೆ ಋಣಿಗಳಾದರೆ ಅದು ಅಧಿಕಾರ. ಆಗ ಹೊರಗಿನಿಂದ ಬಂದ ಪೊಲೀಸರಿಗಿಂತ ದಲ್ಲಾಳಿಯೇ ಹತ್ತಿರದವನಾಗುತ್ತಾನೆ. 2021ರ ಅಕ್ಟೋಬರ್ ತಿಂಗಳಲ್ಲಿ ಗಾಂಜಾ ಪ್ರಕರಣದ ಆರೋಪಿಗಳನ್ನು ಹುಡುಕಿಕೊಂಡು ತೆಲಂಗಾಣದ ನಲ್ಗೊಂಡದಿಂದ ಚಿಂತಪಲ್ಲಿ ಪ್ರದೇಶಕ್ಕೆ ಬಂದಿದ್ದ ಪೊಲೀಸ್ ತಂಡದ ಮೇಲೆ ಕಲ್ಲು ತೂರಾಟ ನಡೆದು, ಪೊಲೀಸರು ಗುಂಡು ಹಾರಿಸಿದ ಘಟನೆ ರಾಷ್ಟ್ರದ ಗಮನ ಸೆಳೆಯಿತು. ಊರು ಮತ್ತು ಕಾನೂನು ಎದುರುಬದುರು ನಿಂತಾಗ ಮಧ್ಯದಲ್ಲಿರುವ ವ್ಯಾಪಾರಿ ಸುರಕ್ಷಿತನಾಗಿ ಉಳಿಯುತ್ತಾನೆ.

ಇದರ ಫಲವನ್ನು ಉಣ್ಣುವವರು ಯಾರೆಂಬುದನ್ನು ವಿಶಾಖಪಟ್ಟಣದ ಕೇಂದ್ರ ಕಾರಾಗೃಹದಲ್ಲಿ ಕಾಣಬಹುದು. ಸಾಮರ್ಥ್ಯವನ್ನು ಮೀರಿ ತುಂಬಿದ್ದ ಆ ಕಾರಾಗೃಹದಲ್ಲಿ ಗಾಂಜಾ ಪ್ರಕರಣಗಳ ಕೈದಿಗಳೇ ದೊಡ್ಡ ಪಾಲಾಗಿದ್ದರು. 1985ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ 20 ಕಿಲೋಗಿಂತ ಹೆಚ್ಚಿನ ಗಾಂಜಾ ವಾಣಿಜ್ಯ ಪ್ರಮಾಣವೆನಿಸುತ್ತದೆ. ಅದಕ್ಕೆ 10ರಿಂದ 20 ವರ್ಷಗಳ ಕಠಿಣ ಸಜೆ ವಿಧಿಸಬಹುದು, ಜಾಮೀನು ದೊರೆಯುವುದೂ ಬಹಳ ಕಷ್ಟ. ದಿನಗೂಲಿಗಾಗಿ ಮೂಟೆ ಹೊತ್ತ ಯುವಕನಿಗೂ ಈ ನಿಯಮವೇ ಅನ್ವಯಿಸುತ್ತದೆ. ಮೂಟೆ ಹೊರಿಸಿದವನ ಹೆಸರು ಅನೇಕ ವೇಳೆ ಅವನಿಗೇ ತಿಳಿದಿರುವುದಿಲ್ಲ.

ಮೂರನೆಯ ಹಂತ: ವಿಜಯವಾಡದ ದಾರಿ ಮತ್ತು ವಿಳಾಸ

ಬೆಟ್ಟದಲ್ಲಿ ಹೊಲವನ್ನು ಬಳಸಿಕೊಳ್ಳುವ ಜಾಲವು ನಗರದಲ್ಲಿ ದಾರಿಯನ್ನೂ ದಾಖಲೆಯನ್ನೂ ಬಳಸಿಕೊಳ್ಳುತ್ತದೆ. ಕೃಷ್ಣಾ ನದಿಯ ದಡದಲ್ಲಿರುವ ವಿಜಯವಾಡವು ದಕ್ಷಿಣ ಭಾರತದ ಬಹುದೊಡ್ಡ ರೈಲು ಸಂಗಮಗಳಲ್ಲಿ ಒಂದು. ಕೋಲ್ಕತ್ತ ಮತ್ತು ಚೆನ್ನೈಗಳ ನಡುವಿನ ಹೆದ್ದಾರಿ ವಿಶಾಖಪಟ್ಟಣವನ್ನು ದಾಟಿ ಇಲ್ಲಿಗೆ ಬರುತ್ತದೆ. ಹೈದರಾಬಾದಿನ ಹೆದ್ದಾರಿ ಇಲ್ಲಿ ಬಂದು ಸೇರುತ್ತದೆ. ಬೆಟ್ಟದಿಂದ ಇಳಿದ ಸರಕು ದಕ್ಷಿಣಕ್ಕೋ ಪಶ್ಚಿಮಕ್ಕೋ ಹೋಗಬೇಕಾದರೆ ಈ ದಾರಿಗಳು ಅನಿವಾರ್ಯ. ಆದ್ದರಿಂದಲೇ ತರಕಾರಿ, ತೆಂಗಿನಕಾಯಿ ಮುಂತಾದ ಸರಕಿನ ಅಡಿಯಲ್ಲಿ ಗಾಂಜಾ ಸಿಕ್ಕಿಬಿದ್ದ ಸುದ್ದಿ ಆ ಭಾಗದ ಪತ್ರಿಕೆಗಳಿಗೆ ಹೊಸದಲ್ಲ.

ಆದರೆ ವಿಜಯವಾಡದ ಹೆಸರು ಜಗತ್ತಿಗೆಲ್ಲ ಕೇಳಿಸಿದ್ದು ಗಾಂಜಾದಿಂದಲ್ಲ. 2021ರ ಸೆಪ್ಟೆಂಬರ್ ತಿಂಗಳಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಎರಡು ಕಂಟೇನರುಗಳಿಂದ 2,988 ಕಿಲೋ ಹೆರಾಯಿನ್ ವಶಪಡಿಸಿಕೊಂಡರು. ಭಾರತದಲ್ಲಿ ಅದುವರೆಗೆ ಒಂದೇ ಬಾರಿಗೆ ಸಿಕ್ಕಿಬಿದ್ದ ಹೆರಾಯಿನ್‌ಗಳಲ್ಲಿ ಅದೇ ಅತಿ ದೊಡ್ಡದು. ಅಫ್ಘಾನಿಸ್ತಾನದಿಂದ ಹೊರಟು ಇರಾನಿನ ಬಂದರ್ ಅಬ್ಬಾಸ್ ಮೂಲಕ ಬಂದಿದ್ದ ಆ ಸರಕನ್ನು ಕಾಗದಪತ್ರಗಳಲ್ಲಿ ಟಾಲ್ಕ್ ಕಲ್ಲು ಎಂದು ನಮೂದಿಸಲಾಗಿತ್ತು. ಆಮದು ಮಾಡಿಕೊಂಡ ಸಂಸ್ಥೆಯ ನೋಂದಣಿ ವಿಳಾಸ ವಿಜಯವಾಡದ ಒಂದು ವಸತಿ ಪ್ರದೇಶದ್ದು. ಅದನ್ನು ನಡೆಸುತ್ತಿದ್ದವರು ಚೆನ್ನೈಯಲ್ಲಿ ವಾಸವಾಗಿದ್ದರು. ವಿಜಯವಾಡವನ್ನು ವಿಳಾಸಕ್ಕಾಗಿ ಮಾತ್ರ ಬಳಸಿಕೊಳ್ಳಲಾಗಿದೆ, ಸರಕು ನಗರಕ್ಕೆ ಬಂದೇ ಇಲ್ಲವೆಂದು ಅಲ್ಲಿನ ಪೊಲೀಸರು ತಿಳಿಸಿದರು. ಮುಂದಿನ ತಿಂಗಳು ತನಿಖೆಯನ್ನು ರಾಷ್ಟ್ರೀಯ ತನಿಖಾ ಸಂಸ್ಥೆ ವಹಿಸಿಕೊಂಡಿತು.

ಈ ಪ್ರಕರಣದ ಪಾಠ ಬಹಳ ಗಂಭೀರವಾದುದು. ಕಂದಹಾರಿನಿಂದ ಹೊರಟ ಸರಕಿಗೆ ಭಾರತದ ಬಾಗಿಲು ತೆರೆಯಲು ಬೇಕಾದದ್ದು ಗೃಹಸ್ಥರ ಬಡಾವಣೆಯ ಒಂದು ಮನೆಯ ಸಂಖ್ಯೆ, ಒಂದು ತೆರಿಗೆ ನೋಂದಣಿ, ಒಂದು ಆಮದು ಪರವಾನಗಿ. ಯಾರೂ ಗೋಡೆ ಹಾರಲಿಲ್ಲ. ಸರ್ಕಾರದ ಮುದ್ರೆಯೇ ಬಾಗಿಲಿನ ಬೀಗದ ಕೈಯಾಯಿತು.

ಆಡಳಿತದೊಳಗೆ ಪ್ರವೇಶ

ಆಡಳಿತವನ್ನು ಒಮ್ಮೆಗೇ ಕೊಳ್ಳುವವರಿಲ್ಲ. ಒಂದು ತಪಾಸಣಾ ಠಾಣೆಯಲ್ಲಿ ಒಂದು ವಾಹನವನ್ನು ನೋಡದೆ ಬಿಡುವುದು, ಒಂದು ಹೊಲವನ್ನು ವರದಿಯಲ್ಲಿ ಕೈಬಿಡುವುದು, ಒಂದು ವಿಳಾಸವನ್ನು ಕಣ್ಣಾರೆ ಕಾಣದೆ ದೃಢೀಕರಿಸುವುದು ಇವೇ ಮೊದಲ ಮೆಟ್ಟಿಲುಗಳು. ಕಾಯಿದೆಯ ಪ್ರಕಾರ ತನ್ನ ಜಮೀನಿನಲ್ಲಿ ಅಕ್ರಮ ಬೆಳೆ ಇದ್ದರೆ ಭೂಮಾಲೀಕನೂ ತನ್ನ ವ್ಯಾಪ್ತಿಯಲ್ಲಿದ್ದರೆ ಗ್ರಾಮಾಧಿಕಾರಿಯೂ ಕೂಡಲೇ ತಿಳಿಸಬೇಕು; ತಿಳಿಸದಿರುವುದೇ ಅಪರಾಧ. ಹೀಗಿದ್ದೂ ಸಾವಿರಾರು ಎಕರೆಗಳಲ್ಲಿ ಬೆಳೆ ನಿಂತಿತ್ತೆಂದರೆ ಎಷ್ಟು ಜನ ಎಷ್ಟು ವರ್ಷ ಸುಮ್ಮನಿದ್ದಿರಬೇಕು ಎಂಬುದನ್ನು ಓದುಗರೇ ಊಹಿಸಬಹುದು. ಕೆಲವರು ಆಸೆಯಿಂದ, ಕೆಲವರು ಭಯದಿಂದ, ಬಹಳ ಜನ ನಮಗೇಕೆ ಎಂಬ ಉದಾಸೀನದಿಂದ.

ಇದು ಬೆಳೆಯುತ್ತಾ ಹೋದರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮೆಕ್ಸಿಕೊ ಉದಾಹರಣೆ. ಅಲ್ಲಿ 2006ರಿಂದ 2012ರವರೆಗೆ ಸಾರ್ವಜನಿಕ ಭದ್ರತೆಯ ಮಂತ್ರಿಯಾಗಿ ಮಾದಕ ವಿರೋಧಿ ಹೋರಾಟದ ಮುಂದಾಳಾಗಿದ್ದ ಗೆನಾರೊ ಗಾರ್ಸಿಯಾ ಲೂನಾ, ಕಾರ್ಟೆಲ್‌ನಿಂದಲೇ ಲಂಚ ಪಡೆದನೆಂದು ಅಮೆರಿಕದ ನ್ಯಾಯಾಲಯದಲ್ಲಿ 2023ರಲ್ಲಿ ತೀರ್ಮಾನವಾಯಿತು. 2024ರ ಅಕ್ಟೋಬರಿನಲ್ಲಿ ಅವನಿಗೆ 38 ವರ್ಷಗಳಿಗೂ ಮೀರಿದ ಸೆರೆವಾಸ ವಿಧಿಸಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಜಾಲದ ನೆರಳು ರಾಜಕೀಯವನ್ನು ಇನ್ನೊಂದು ರೀತಿಯಲ್ಲಿಯೂ ಕೆಡಿಸುತ್ತದೆ. 2024ರ ಮಾರ್ಚಿನಲ್ಲಿ, ಚುನಾವಣೆ ಸಮೀಪಿಸಿದ್ದಾಗ, ಬ್ರೆಜಿಲ್‌ನಿಂದ ವಿಶಾಖಪಟ್ಟಣ ಬಂದರಿಗೆ ಬಂದ 25,000 ಕಿಲೋ ಒಣ ಯೀಸ್ಟ್ ತುಂಬಿದ ಕಂಟೇನರನ್ನು ಕೇಂದ್ರ ತನಿಖಾ ದಳ ತಡೆಹಿಡಿಯಿತು. ಪ್ರಾಥಮಿಕ ಪರೀಕ್ಷೆಯಲ್ಲಿ ಮಾದಕ ದ್ರವ್ಯದ ಸುಳಿವು ಕಂಡಿತೆಂಬ ಸುದ್ದಿ ಹಬ್ಬಿದೊಡನೆ ಪಕ್ಷಗಳು ಒಂದರ ಮೇಲೊಂದು ಆರೋಪ ಹೊರಿಸಿದವು. ಅದೇ ವರ್ಷದ ಕೊನೆಗೆ ಪ್ರಯೋಗಾಲಯದ ಪರೀಕ್ಷೆಯಲ್ಲಿ ಮಾದಕ ವಸ್ತು ದೃಢಪಡಲಿಲ್ಲವೆಂದು ವರದಿಯಾಯಿತು. ಆರೋಪ ಮೊಳಗಿದಷ್ಟು ಗಟ್ಟಿಯಾಗಿ ಈ ಸುದ್ದಿ ಮೊಳಗಲಿಲ್ಲ. ಎಲ್ಲರೂ ಕಳ್ಳರೇ ಎಂದು ಜನ ನಂಬಿಬಿಟ್ಟರೆ ನಿಜವಾದ ಕಳ್ಳನಿಗೆ ಅದಕ್ಕಿಂತ ಅನುಕೂಲ ಬೇರೊಂದಿಲ್ಲ.

ಸರ್ಕಾರದ ಕ್ರಮಗಳು

2021ರ ಕೊನೆಯಲ್ಲಿ ಆಂಧ್ರ ಸರ್ಕಾರ "ಆಪರೇಷನ್ ಪರಿವರ್ತನ" ಎಂಬ ಕಾರ್ಯಾಚರಣೆಯನ್ನು ಕೈಗೊಂಡಿತು. ಉಪಗ್ರಹ ಚಿತ್ರಗಳ ಮತ್ತು ಡ್ರೋನ್‌ಗಳ ಸಹಾಯದಿಂದ ಹೊಲಗಳನ್ನು ಗುರುತಿಸಿ, ಏಜೆನ್ಸಿಯ ಮಂಡಲಗಳಲ್ಲಿ 7,000 ಎಕರೆಗೂ ಮೀರಿದ ಬೆಳೆಯನ್ನು ಕಡಿದುಹಾಕಲಾಯಿತೆಂದು ಪೊಲೀಸರು ಪ್ರಕಟಿಸಿದರು. ಹಲವು ಹಳ್ಳಿಗಳಲ್ಲಿ ಜನರೇ ಮುಂದೆ ಬಂದು ತಮ್ಮ ಗಿಡಗಳನ್ನು ಕಿತ್ತರು. 2022ರ ಫೆಬ್ರವರಿ 12ರಂದು ಅನಕಾಪಲ್ಲಿಯ ಸಮೀಪದ ಕೋಡೂರಿನಲ್ಲಿ ಸುಮಾರು 2 ಲಕ್ಷ ಕಿಲೋ ಗಾಂಜಾವನ್ನು ಸುಡಲಾಯಿತು. 2024ರ ನವೆಂಬರಿನಲ್ಲಿ "ಈಗಲ್" ಎಂಬ ಪ್ರತ್ಯೇಕ ಪೊಲೀಸ್ ದಳ ರಚನೆಯಾಯಿತು. 1972 ಅದರ ಉಚಿತ ದೂರವಾಣಿ ಸಂಖ್ಯೆ. ಏಜೆನ್ಸಿಯಲ್ಲಿ ಈಗ ಬೆಳೆ ಬಹುಮಟ್ಟಿಗೆ ನಿಂತಿದೆ, ಒಡಿಶಾದ ಕಡೆಯಿಂದ ಬರುವ ಸರಕನ್ನು ತಡೆಯುವುದೇ ಮುಖ್ಯ ಸವಾಲು ಎಂಬುದು ಪೊಲೀಸರ ಅಭಿಪ್ರಾಯ.

ಬೆಳೆ ಕಡಿಯುವುದು ಅಗತ್ಯವೇ ಸರಿ. ಆದರೆ ಗಿಡ ಕಡಿದರೆ ಸಾಲ ಕಡಿಯುವುದಿಲ್ಲ. ಸಾಲ ಉಳಿದರೆ ಬೆಳೆ ಇನ್ನೊಂದು ಕಣಿವೆಗೆ, ಇನ್ನೊಂದು ರಾಜ್ಯಕ್ಕೆ ಸರಿಯುತ್ತದೆ. ಆದ್ದರಿಂದ ಕಾಫಿ, ಮೆಣಸು, ಅರಿಸಿನಗಳ ಕಡೆಗೆ ಜನರನ್ನು ತಿರುಗಿಸುವ ಕೆಲಸವೇ ಹೆಚ್ಚು ಬಾಳುವಂತಹುದು. 1956ರಲ್ಲಿ ಆರಂಭವಾಗಿ ವಿಶಾಖಪಟ್ಟಣದಿಂದ ಕೆಲಸ ಮಾಡುತ್ತಿರುವ ಗಿರಿಜನ ಸಹಕಾರ ನಿಗಮ ಅವರ ಉತ್ಪನ್ನಗಳನ್ನು ಕೊಳ್ಳುತ್ತದೆ. ನಮ್ಮ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕಾಫಿ ಮಂಡಳಿಯೂ ಇಲ್ಲಿ ನೆರವಾಗಿದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಕಾಫಿಗಳೊಡನೆಯೇ ಅರಕು ಕಣಿವೆಯ ಅರೇಬಿಕಾಕ್ಕೂ ಭೌಗೋಳಿಕ ಮಾನ್ಯತೆ ದೊರೆತದ್ದು ಕನ್ನಡಿಗರಾದ ನಮಗೂ ಸಂತೋಷದ ಸಂಗತಿ. ಆದರೆ ಗಿಡ ಫಲ ಕೊಡುವವರೆಗಿನ ಮೂರು ನಾಲ್ಕು ವರ್ಷ ಆ ಸಂಸಾರದ ಒಲೆ ಯಾರು ಉರಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರ ಪಕ್ಷಕ್ಕೆ ಊರು ಸೇರುತ್ತದೆ.

ಊರು ತನ್ನನ್ನು ಬಿಡಿಸಿಕೊಂಡ ಒಂದು ನಿದರ್ಶನ

ಇಂತಹ ಹಿಡಿತವನ್ನು ಮುರಿಯಬಹುದೇ? ಆಂಧ್ರದ ಇತಿಹಾಸವೇ ಇದಕ್ಕೆ ಒಂದು ಉತ್ತರ ಕೊಡುತ್ತದೆ. ಕಾನೂನುಬದ್ಧವೇ ಆಗಿದ್ದ ಸಾರಾಯಿ ವ್ಯಾಪಾರ ಒಂದು ಕಾಲದಲ್ಲಿ ಹಳ್ಳಿಗಳ ಕೂಲಿಯನ್ನೆಲ್ಲ ನುಂಗುತ್ತಿತ್ತು. ಸರ್ಕಾರದ ಬೊಕ್ಕಸವೂ ಆ ಆದಾಯವನ್ನು ನೆಚ್ಚಿಕೊಂಡಿತ್ತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದ ಮಹಿಳೆಯರು, ಸಾಕ್ಷರತಾ ಆಂದೋಲನದ ಪಾಠಗಳಿಂದ ಪ್ರೇರಿತರಾಗಿ, ತಮ್ಮೂರಿಗೆ ಸಾರಾಯಿ ಬರದಂತೆ ತಡೆದರು. ಚಳವಳಿ ರಾಜ್ಯದಾದ್ಯಂತ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಸಾರಾಯಿ ನಿಷೇಧವಾಯಿತು. 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಪೂರ್ಣ ಪಾನನಿರೋಧವನ್ನು ಜಾರಿಗೆ ತಂದಿತು. ಪಾನನಿರೋಧ 1997ರಲ್ಲಿ ಸಡಿಲಗೊಂಡಿತೆಂಬುದೂ ನಿಜ; ಬೊಕ್ಕಸದ ಒತ್ತಡ ಕಡಿಮೆಯದಲ್ಲ. ಆದರೂ ಊರಿನ ಮೌನ ಮುರಿದಾಗ ಗುತ್ತಿಗೆದಾರನ ಬಲ ಎಷ್ಟು ಬೇಗ ಕುಸಿಯುತ್ತದೆ ಎಂಬುದನ್ನು ಆ ಮಹಿಳೆಯರು ತೋರಿಸಿಕೊಟ್ಟರು.

ನಮ್ಮ ಸಂಸಾರಗಳಿಗೆ ಸಂಬಂಧವೇನು?

ಸರಪಳಿಯ ಇನ್ನೊಂದು ತುದಿ ನಮ್ಮ ನಾಡಿನಲ್ಲಿಯೇ ಇದೆ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪೊಲೀಸರು ಕಲಬುರಗಿ ಜಿಲ್ಲೆಯ ಒಂದು ಕುರಿ ಸಾಕಣೆ ಕೇಂದ್ರದಲ್ಲಿ ನೆಲದಡಿ ಬಚ್ಚಿಟ್ಟಿದ್ದ ಸುಮಾರು 1,350 ಕಿಲೋ ಗಾಂಜಾವನ್ನು ವಶಪಡಿಸಿಕೊಂಡರು. ಅದು ತರಕಾರಿ ಸಾಗಿಸುವ ವಾಹನದಲ್ಲಿ ಒಡಿಶಾದಿಂದ ಬಂದಿತ್ತು. ಕೊಳ್ಳುವವರಿಲ್ಲದೆ ಇಷ್ಟು ಸರಕು ಇಷ್ಟು ದೂರ ಬರುವುದಿಲ್ಲ.

ಪರಸ್ಥಳದಲ್ಲಿ ಮನೆ ಮಾಡಿ ನೆಲೆನಿಂತ ಕುಟುಂಬಗಳು ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು. ತನ್ನ ಮನೆ, ಮಳಿಗೆ ಅಥವಾ ವಾಹನವನ್ನು ಇಂತಹ ಕೆಲಸಕ್ಕೆ ತಿಳಿದೂ ಬಿಟ್ಟುಕೊಟ್ಟ ಮಾಲೀಕನಿಗೂ ಅಪರಾಧಿಗೆ ಸಮನಾದ ಶಿಕ್ಷೆಯಿದೆ. ಆದುದರಿಂದ ಬಾಡಿಗೆಗೆ ಕೊಡುವಾಗ ಕರಾರು ಪತ್ರ, ಗುರುತಿನ ದಾಖಲೆ, ಪೊಲೀಸ್ ಪರಿಶೀಲನೆ ಇವುಗಳನ್ನು ಸಂಕೋಚದಿಂದ ಬಿಡಬಾರದು. ನಮ್ಮ ವಿಳಾಸದಲ್ಲಿ ಯಾರಾದರೂ ಸಂಸ್ಥೆ ನೋಂದಾಯಿಸಲು ಕೇಳಿದರೆ, ಅವರು ಎಷ್ಟೇ ಪರಿಚಿತರಾದರೂ ವ್ಯವಹಾರ ತಿಳಿಯದೆ ಸಹಿ ಹಾಕಬಾರದು. ಕಾಲೇಜಿಗೆ ಹೋಗುವ ಮಕ್ಕಳ ಬ್ಯಾಂಕ್ ಖಾತೆಯನ್ನು ಸಣ್ಣ ಕಮಿಷನ್ ಕೊಟ್ಟು ಬಳಸಿಕೊಳ್ಳುವವರಿದ್ದಾರೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು. ಮನೆಯ ಮಗುವೇ ವ್ಯಸನಕ್ಕೆ ಬಿದ್ದಿದ್ದರೆ ಮುಚ್ಚಿಡುವುದು ಪರಿಹಾರವಲ್ಲ. ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆ ನೀಡುವ ವಿಧಿ ಕಾಯಿದೆಯಲ್ಲಿಯೇ ಇದೆ. ವ್ಯಸನಮುಕ್ತಿಯ ಸಲಹೆಗೆ 14446, ಮಾಹಿತಿ ನೀಡಲು 1933 ಇವು ರಾಷ್ಟ್ರೀಯ ಸಹಾಯವಾಣಿಗಳು.

ಮಾದಕ ಜಾಲದ ಬಂಡವಾಳ ಹಣವೊಂದೇ ಅಲ್ಲ. ಬೆಟ್ಟದ ರೈತನ ಹೊಲ, ಕೂಲಿಯವನ ಬೆನ್ನು, ಅಧಿಕಾರಿಯ ಸಹಿ, ಗೃಹಸ್ಥನ ವಿಳಾಸ ಇವೆಲ್ಲವೂ ಸೇರಿ ಅದರ ಬಂಡವಾಳ. ಇವುಗಳಲ್ಲಿ ಕೊನೆಯದು ನಮ್ಮ ಕೈಯಲ್ಲಿದೆ. ಪರಸ್ಥಳದಲ್ಲಿ ನಾವು ಹಲವು ವರ್ಷಗಳಿಂದ ಗಳಿಸಿದ ಆಸ್ತಿಗಳಲ್ಲಿ ಒಳ್ಳೆಯ ಹೆಸರೇ ದೊಡ್ಡದು. ಅದನ್ನು ಯಾರಿಗೂ ಬಾಡಿಗೆಗೆ ಕೊಡದಿರುವುದು ನಾವು ಮಾಡಬಹುದಾದ ಮೊದಲ ಕೆಲಸ.